ಹಾಲು ಉಕ್ಕಿಸಿದ್ದು ಯಾರು?

ನಮ್ಮತ್ತೆಗೆ ಚರ್ಚಿನಲ್ಲಿ ಒಂದು ಅಡ್ಡಹೆಸರಿದೆ: ನಾನೇ ಅತ್ತೆ. ಅದನ್ನು ಇಟ್ಟವಳು ನಾನಲ್ಲ, ಆದರೆ ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ವೇದಿಕೆಯ ಹೂವು ಎಷ್ಟು ಚೆನ್ನಾಗಿದೆ, ಯಾರು ಜೋಡಿಸಿದ್ದು ಎಂದು ಯಾರಾದರೂ ಕೇಳಿದರೆ ಸಾಕು, ಅವರು ಬಾಯಿ ಮುಚ್ಚುವ ಮೊದಲೇ ಹಿಂದಿನಿಂದ "ನಾನೇ" ಎಂದು ಉತ್ತರ ಬರುತ್ತದೆ. ಕಿಟಕಿಯ ಪರದೆ ಹೊಲಿದದ್ದು ಯಾರು? ನಾನೇ. ಕಾಯಿಲೆ ಬಿದ್ದ ಗಡಿಯಾರದಂಗಡಿ ಅಜ್ಜನಿಗೆ ಊಟ ಕೊಟ್ಟು ಬಂದದ್ದು ಯಾರು? ನಾನೇ. ಸುಳ್ಳು ಹೇಳುತ್ತಾರೆ ಅಂತಲ್ಲ. ಎಲ್ಲವನ್ನೂ ನಿಜವಾಗಿ ಅವರೇ ಮಾಡಿರುತ್ತಾರೆ, ಅದೇ ತೊಂದರೆ. ಸುಳ್ಳಾಗಿದ್ದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಿದ್ದರು, ನಾವೂ ಹೊಟ್ಟೆ ತುಂಬ ನಗಬಹುದಿತ್ತು.

ಅತ್ತೆಯೂ ನಾನೂ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತೇವೆ. ಒಳಕೋಣೆಯ ಮೇಜಿನ ಮೇಲೆ ಬಟ್ಟೆ ಕತ್ತರಿಸುವುದು ಅವರ ಕೆಲಸ, ಹೊರಗೆ ಮೆಷಿನ್ ತುಳಿಯುವುದು ನನ್ನದು. ನಡುವೆ ಗೋಡೆ ಇದೆ. ಆದರೂ ನನ್ನ ಬಾಬಿನ್‌ನಲ್ಲಿ ದಾರ ಮುಗಿಯುವುದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ದಾರ ಕೊನೆಗೆ ಬಂದಾಗ ಮೆಷಿನ್ನಿನ ಸದ್ದು ಚೂರು ಹಗುರಾಗುತ್ತದಂತೆ. ನನ್ನ ಕಿವಿಗೆ ಇವತ್ತಿಗೂ ಅದು ಕೇಳಿಸಿಲ್ಲ. ಗೋಡೆಯಾಚೆಯಿಂದ "ಬಾಬಿನ್ ಮುಗೀತಿದೆ ನೋಡೇ!" ಎಂಬ ಕೂಗು ಕೇಳಿದಾಗ ನಾನು ತೆಗೆದು ನೋಡುತ್ತೇನೆ, ಒಂದು ಗೇಣು ದಾರ ಉಳಿದಿರುತ್ತದೆ. ಮೈಯೆಲ್ಲ ಉರಿಯುತ್ತದೆ.

ಆ ಕಿವಿಗೆ ತಕ್ಕ ಕಂಠವನ್ನೂ ದೇವರು ಅವರಿಗೆ ಕೊಟ್ಟಿದ್ದಾನೆ. ಚರ್ಚಿನ ವಾರ್ಷಿಕ ಆರಾಧನೆಯಲ್ಲಿ ನಮ್ಮ ಹಾಡುಗಾರರ ತಂಡ, ಕ್ವಾಯರ್, ಹಾಡುವ ದೊಡ್ಡ ಹಾಡಿನ ನಡುವೆ ಒಬ್ಬರೇ ಹಾಡುವ ಒಂದು ಚರಣವಿದೆ. ಅದರ ಕೊನೆಯಲ್ಲಿ ಒಂದು ಉದ್ದನೆಯ ಸ್ವರ. ಅದನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ನಾನು ಮದುವೆಯಾಗಿ ಈ ಮನೆಗೆ ಬರುವ ಎಷ್ಟೋ ಮೊದಲಿನಿಂದ ಆ ಚರಣ ನಮ್ಮತ್ತೆಯದೇ. ಜನ ಆ ಸ್ವರಕ್ಕಾಗಿ ಕಾಯುತ್ತಾರೆ, ಅತ್ತೆ ಜನ ಕಾಯುವುದಕ್ಕಾಗಿ ಕಾಯುತ್ತಾರೆ.

ನಾವು ಉಳಿದವರು ಹಿಂದೆ ನಿಂತು ಗುಂಪಿನಲ್ಲಿ ಗೋವಿಂದ ಎನ್ನುವ ಪೈಕಿ. ಗುಂಪಿಗೂ ಉದ್ದ ಸ್ವರಗಳಿವೆ, ಆದರೆ ನಮಗೊಂದು ಉಪಾಯ ಉಂಟು. ಕ್ವಾಯರ್ ಮೇಷ್ಟ್ರು ಕಲಿಸಿಕೊಟ್ಟದ್ದು. ಉಸಿರು ಮುಗಿಯುತ್ತಾ ಬಂತು ಅನ್ನಿಸಿದರೆ ಪಕ್ಕದವಳ ಕಿರುಬೆರಳನ್ನು ನಿಮ್ಮ ಕಿರುಬೆರಳಿನಿಂದ ಒತ್ತಬೇಕು. ಅವಳು ಸ್ವರ ಹಿಡಿದುಕೊಳ್ಳುತ್ತಾಳೆ, ನೀವು ಮೆಲ್ಲಗೆ ಬಿಟ್ಟು ಉಸಿರೆಳೆದು ಮತ್ತೆ ಸೇರಿಕೊಳ್ಳುತ್ತೀರಿ. ಆಮೇಲೆ ಅವಳ ಸರದಿ. ಕೇಳುವವರಿಗೆ ಒಂದೇ ಸ್ವರ, ಎಲ್ಲೂ ಗಂಟಿಲ್ಲ. "ಹಿಡಿಯೋವಾಗ ನಿಮ್ಮ ದನಿ ಕೇಳಿಸಿದ್ರೆ ಕೆಟ್ಟಿತು. ಯಾರದ್ದು ಬಿಟ್ಟುಹೋಯ್ತೋ ಅವರ ದನಿಯಲ್ಲೇ ಹಿಡೀಬೇಕು," ಎಂದು ಮೇಷ್ಟ್ರು ಕೋಲು ತಟ್ಟಿ ಹೇಳುತ್ತಾರೆ. ಅತ್ತೆಗೆ ಮಾತ್ರ ಈ ಉಪಾಯ ಎಂದರೆ ತಾತ್ಸಾರ. "ಎರವಲು ಉಸಿರು ನನಗ್ಯಾಕೆ? ನನ್ನ ಎದೆಯಲ್ಲಿ ಬೇಕಾದಷ್ಟಿದೆ," ಎನ್ನುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಪಾಸ್ಟರ್ ಗೋಧಿಕಾಳಿನ ಬಗ್ಗೆ ಪ್ರಸಂಗ ಮಾಡಿದರು. ಕಾಳು ನೆಲಕ್ಕೆ ಬಿದ್ದು ಸತ್ತರೆ ತಾನೆ ತೆನೆ, ನಾನು ನನ್ನದು ಎಂಬುದು ಸತ್ತರೆ ತಾನೆ ಸೇವೆ ಎಂದು. ನಾನು ಅರ್ಧ ಕೇಳಿದೆ, ಇನ್ನರ್ಧದಲ್ಲಿ ಮುಂದಿನ ಸಾಲಿನವಳ ರವಿಕೆಯ ತೋಳು ಯಾರು ಹೊಲಿದದ್ದಿರಬಹುದು ಎಂದು ಯೋಚಿಸುತ್ತಿದ್ದೆ. ಅತ್ತೆ ಪೂರ್ತಿ ಕೇಳಿದರು. ಮನೆಗೆ ಬಂದವರೇ ಚೀಲವನ್ನು ಮೇಜಿನ ಮೇಲಿಟ್ಟು ಘೋಷಿಸಿದರು:

"ನಾನು ಇವತ್ತು ಸತ್ತೆ."

ಬಸ್ ಓಡಿಸುವ ನಮ್ಮ ಯಜಮಾನರು ಊಟಕ್ಕೆ ಕೂತಿದ್ದರು. "ಊಟ ಮಾಡಿ ಸಾಯ್ತೀಯೋ, ಸತ್ತು ಊಟ ಮಾಡ್ತೀಯೋ ಅಮ್ಮಾ?" ಎಂದರು.

"ನಗು, ನಗು. ನನ್ನೊಳಗಿನ 'ನಾನು' ಸತ್ತುಹೋಯ್ತು. ಇನ್ಮೇಲೆ ನನ್ನದು ಅನ್ನೋದು ಏನೂ ಇಲ್ಲ. ಈ ಸಲದ ಚರಣ ನಾನು ಹಾಡಲ್ಲ. ಇವಳು ಹಾಡ್ತಾಳೆ."

ಇವಳು ಎಂದರೆ ನಾನು! ಬಾಯಿಗಿಟ್ಟ ತುತ್ತು ಅಲ್ಲೇ ನಿಂತಿತು. "ಅತ್ತೇ, ಸತ್ತಿದ್ದು ನೀವು, ಹೂಳೋದು ನನ್ನನ್ನಾ?" ಎಂದೆ. ಏನು ಪ್ರಯೋಜನ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಸಂಜೆಯೊಳಗೆ ಮೇಷ್ಟ್ರಿಗೂ ಹೇಳಿಬಂದಿದ್ದರು. ಮೇಷ್ಟ್ರು ನನ್ನನ್ನು ಹಾಡಿಸಿ ನೋಡಿ, ಗಡ್ಡ ಕೆರೆದುಕೊಂಡು, "ಕಂಠ ಇದೆ, ಉಸಿರೇ ಸಾಲದು. ನೋಡೋಣ," ಎಂದರು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ಅತ್ತೆ ಸತ್ತ ಸುದ್ದಿಯನ್ನು ಬೀದಿಗೆಲ್ಲ ಅತ್ತೆಯೇ ಹಂಚಿದರು. ಕಾಜಾ ಮಾಡಿಸಲು ಬಂದವರಿಗೂ ಹೇಳಿದರು, ಗುಂಡಿ ಕೊಳ್ಳಲು ಬಂದವರಿಗೂ ಹೇಳಿದರು. ಸೇವೆಯೋ ಸೇವೆ. ಪಕ್ಕದ ಮನೆಯವರು ಬೇಡ ಬೇಡವೆಂದರೂ ಅವರ ಮೆಟ್ಟಿಲು ತೊಳೆದರು. ಅವರ ಅಳಿಯ ಜಾರಿ ಬಿದ್ದ. ಬೇಕರಿಯಮ್ಮನ ಅಂಗಡಿಗೆ ಹೋಗಿ ಬ್ರೆಡ್ ಜೋಡಿಸಿಕೊಡುತ್ತೇನೆಂದು ನಿನ್ನೆಯದನ್ನೂ ಇವತ್ತಿನದನ್ನೂ ಕಲಸಿಟ್ಟು ಬಂದರು. ನನಗಂತೂ ಬೆಳಗಾದರೆ ಪಾಠ. "ಹೊಟ್ಟೆಯಿಂದ ತೆಗೆ. ಅಲ್ಲಲ್ಲ, ನಾನು ತೆಗೆಯೋ ಹಾಗೆ ತೆಗೆ. ಅಲ್ಲಿ ತಲೆ ಎತ್ತು. ನಾನು ಅಲ್ಲಿ ತಲೆ ಎತ್ತೋದು ಎಲ್ಲರಿಗೂ ಗೊತ್ತು." ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನಮ್ಮತ್ತೆಯದು ಸತ್ತರೂ ಹೋಗಿರಲಿಲ್ಲ.

ನಮ್ಮ ಕಸುಬಿನಲ್ಲಿ ಕೋಟಿನ ಒಳಗಿನ ಲೈನಿಂಗ್ ಬಟ್ಟೆ ಅಂಚಿನಿಂದ ಹೊರಗೆ ಇಣುಕಿದರೆ ಅದು ದೊಡ್ಡ ತಪ್ಪು. ಕೋಟಿಗೆ ಮೈ ಕೊಡುವುದೇ ಲೈನಿಂಗ್, ಆದರೆ ಅದು ಕಾಣಿಸಬಾರದು. ನನಗೆ ಇದನ್ನು ತಲೆ ಮೇಲೆ ಮೊಟಕಿ ಕಲಿಸಿದವರೇ ಅತ್ತೆ. ಒಂದು ದಿನ ಗಿರಾಕಿಯೊಬ್ಬರ ಮುಂದೆ ಅವರು ತಮ್ಮ ತ್ಯಾಗದ ಕತೆಯನ್ನು ಮೊದಲಿನಿಂದ ಶುರು ಮಾಡಿದಾಗ ನಾನು ಮೆಷಿನ್ನಿನಿಂದ ತಲೆ ಎತ್ತದೆ ಹೇಳಿದೆ:

"ಅತ್ತೆ, ಲೈನಿಂಗ್ ಇಣುಕ್ತಿದೆ."

ಅವರು ಗಿರಾಕಿಯ ಕೋಟನ್ನು ತಿರುವಿ ನೋಡಿದರು, ನನ್ನನ್ನು ನೋಡಿದರು, ಅರ್ಥವಾಯಿತು. ಆ ದಿನ ಬಾಬಿನ್ ಮುಗಿದರೂ ಕೂಗಲಿಲ್ಲ.

ಮರುದಿನ ಪಾಸ್ಟರ್ ಪ್ಯಾಂಟಿನ ಜಿಪ್ಪು ಹಾಕಿಸಲು ಬಂದರು. ಅತ್ತೆ ತಡೆದುಕೊಳ್ಳಲಾರದೆ, "ಅಯ್ಯನವರೇ, ನೀವು ಹೇಳಿದ ಹಾಗೆ ನಾನು ಸತ್ತೆ. ಆದ್ರೆ ಯಾಕೋ ಯಾರಿಗೂ ಸಂತೋಷ ಆಗಿಲ್ಲ," ಎಂದರು. ಪಾಸ್ಟರ್ ನಗಲಿಲ್ಲ, ಪುಣ್ಯಾತ್ಮ. "ಒಳ್ಳೇದಮ್ಮ. ನೆಟ್ಟ ಕಾಳನ್ನ ದಿನಾ ಅಗೆದು, ಸತ್ತಿದೆಯಾ ಅಂತ ನೋಡ್ಬೇಡಿ. ಅದು ಅದರ ಪಾಡಿಗೆ ಇರಲಿ," ಎಂದು ಹೇಳಿ ಹೋದರು.

ಅತ್ತೆ ಬಹಳ ಹೊತ್ತು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಅಂದು ಮಧ್ಯಾಹ್ನ ಬಟ್ಟೆ ಮಡಚಿಡಲು ಒಳಗೆ ಹೋದಾಗ ನೋಡಿದೆ: ಪ್ರತಿವರ್ಷ ಚರಣ ಹಾಡುವ ದಿನ ಉಡುವ ಬಿಳಿ ಸೀರೆಯನ್ನು ಇಸ್ತ್ರಿ ಮಾಡುತ್ತಿದ್ದರು. ಒಂದು ಸುಕ್ಕೂ ಇಲ್ಲದಂತೆ ಮಾಡಿ, ಮಡಚಿ, ಕಪಾಟಿನ ತೀರಾ ಒಳಗಿಟ್ಟು, ಮುಂದೆ ಹಳೆಯ ಹೊದಿಕೆಗಳನ್ನು ಒತ್ತಿಟ್ಟರು. ಕಣ್ಣು ಒರೆಸಿಕೊಂಡರು. ನಾನು ಇದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಅಷ್ಟು ದಿನ ಅವರ ತ್ಯಾಗವನ್ನೊಂದು ನಾಟಕ ಅಂದುಕೊಂಡಿದ್ದೆ. ಆ ಹಾಡು ಎಂದರೆ ಅವರಿಗೆ ಎಷ್ಟು ಇಷ್ಟ ಎಂಬುದು ಈ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತೇ ಇರಲಿಲ್ಲ. ಚೆನ್ನಾಗಿ ಹಾಡಬೇಕು ಎಂಬ ಹಟ ನನಗೆ ಹುಟ್ಟಿದ್ದು ಅವತ್ತು. ಹಾಡು ಕೆಟ್ಟರೆ ನನ್ನ ಮಾನ ಹೋಗುವುದಿರಲಿ, ಅತ್ತೆ ಬಿಟ್ಟುಕೊಟ್ಟದ್ದೆಲ್ಲ ನೀರಿನಲ್ಲಿ ಹೋಮ.

ವಾರ್ಷಿಕ ಆರಾಧನೆಯ ದಿನ ಚರ್ಚು ತುಂಬಿ ತುಳುಕುತ್ತಿತ್ತು. ಕ್ವಾಯರ್ ನಿಲ್ಲುವುದು ಎಡಗಡೆಯ ಮೆಟ್ಟಿಲುಗಳ ಮೇಲೆ. ಒಬ್ಬರೇ ಹಾಡುವವರು ಗುಂಪಿನಿಂದ ಬೇರೆಯಾಗಿ ಅಂಚಿನಲ್ಲಿ ನಿಲ್ಲಬೇಕು. ಅವರ ಬೆನ್ನಿಗೇ ಚಹಾ ಕೋಣೆಯ ಬಾಗಿಲು. ಅತ್ತೆ ಕ್ವಾಯರ್‌ನಲ್ಲಿ ನಿಲ್ಲಲಿಲ್ಲ. "ನಾನು ಅಲ್ಲಿದ್ರೆ ಜನ ನನ್ನ ಮುಖ ನೋಡ್ತಾರೆ. ಚಹಾ ನಾನು ನೋಡ್ಕೋತೀನಿ," ಎಂದು ಮಾಸಿದ ನೂಲಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗಿದ್ದರು. ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಲು ಇಟ್ಟಿದ್ದರು. ಹೋಗುವಾಗ ನನಗೆ ಬುದ್ಧಿ ಹೇಳಲಿಲ್ಲ. ಕತ್ತಿನ ಹತ್ತಿರ ನನ್ನ ಕಾಲರ್ ಮಡಚಿಕೊಂಡಿತ್ತು, ಅದನ್ನು ಸರಿಮಾಡಿ ಹೋದರು, ಅಷ್ಟೆ.

ಚರಣ ಶುರುವಾಯಿತು. ಮೊದಲ ಸಾಲು ಬಂತು, ಎರಡನೆಯದೂ ಬಂತು. ಪರವಾಗಿಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ಎದುರು ಬೆಂಚಿನಲ್ಲಿ ಯಜಮಾನರು ಎರಡೂ ಕೈಯ ಹೆಬ್ಬೆರಳು ಎತ್ತಿ ಹಲ್ಲು ಕಿರಿದದ್ದು ಕಾಣಿಸಿತು. ಈ ಮನುಷ್ಯನಿಗೆ ಯಾವಾಗ ಏನು ಮಾಡಬೇಕೆಂದು ಗೊತ್ತಿದ್ದರೆ ತಾನೆ! ನನಗೆ ನಗು ಬಂತು, ನಗು ನುಂಗುವ ಭರದಲ್ಲಿ ಎಳೆಯಬೇಕಾದಷ್ಟು ಉಸಿರು ಎಳೆಯಲಿಲ್ಲ. ಉದ್ದ ಸ್ವರ ಹಿಡಿದೆ. ಅರ್ಧ ದಾರಿಯಲ್ಲೇ ಎದೆ ಬರಿದಾಗುತ್ತಾ ಬಂತು. ಕಣ್ಣ ಮುಂದೆ ಚುಕ್ಕಿಗಳು. ಬಲಗೈಯ ಕಿರುಬೆರಳು ಅಭ್ಯಾಸಬಲದಿಂದ ತಾನಾಗಿ ಪಕ್ಕಕ್ಕೆ ಚಾಚಿ ಒತ್ತಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಬೆನ್ನ ಹಿಂದಿನಿಂದ ಸ್ವರ ಬಂತು.

ಬಂತು ಎನ್ನುವುದೂ ತಪ್ಪೇ. ನನ್ನದು ಎಲ್ಲಿ ಮುಗಿಯಿತು, ಅದು ಎಲ್ಲಿ ಶುರುವಾಯಿತು ಎಂದು ನನಗೇ ಹೇಳಲಾಗದು. ಅತ್ತೆಯ ಕಂಠವೆಂದರೆ ಚರ್ಚಿನ ಗಾಜು ನಡುಗಬೇಕು. ಇದು ಆ ಕಂಠವಲ್ಲ. ನನ್ನ ತೆಳ್ಳಗಿನ, ಕೊನೆಯಲ್ಲಿ ಚೂರು ಮೂಗಿನಿಂದ ಬರುವ ದನಿ. ನಾನೇ ಹಾಡುತ್ತಿದ್ದೇನೋ ಎನ್ನುವ ಹಾಗೆ ನನ್ನ ದನಿ ಬಾಗಿಲ ಸಂದಿನಿಂದ ಬರುತ್ತಿತ್ತು. ಬಾಯಿ ತೆರೆದೇ ಇಟ್ಟು, ಹೊಟ್ಟೆಯ ತನಕ ಉಸಿರೆಳೆದು, ಮತ್ತೆ ಸೇರಿಕೊಂಡೆ. ನಾನು ಸೇರಿದ್ದು ಖಾತ್ರಿಯಾದ ಮೇಲೆ ಅದು ಹಿಂದೆ ಸರಿದು ಇಲ್ಲವಾಯಿತು. ಸ್ವರ ಕೊನೆಯ ತನಕ ಹೋಗಿ ನಿಂತಿತು. ಮೇಷ್ಟ್ರು ಒಮ್ಮೆ ನನ್ನ ತಲೆಯ ಮೇಲಿನಿಂದ ಬಾಗಿಲ ಕಡೆ ನೋಡಿ, ಏನೂ ಆಗಿಲ್ಲವೆಂಬಂತೆ ಹಾಳೆ ಮಗುಚಿದರು.

ಆರಾಧನೆ ಮುಗಿದ ಮೇಲೆ ಚಹಾ ಕೋಣೆಯಲ್ಲಿ ಜನ ನನ್ನನ್ನು ಮುತ್ತಿಕೊಂಡರು. ಬೇಕರಿಯಮ್ಮನದು ಮೊದಲೇ ದೊಡ್ಡ ಬಾಯಿ. "ಅಬ್ಬಬ್ಬಾ, ಏನು ಉಸಿರೇ ನಿಂದು! ನಿಮ್ಮತ್ತೆಗೂ ಅಷ್ಟುದ್ದ ಬರ್ತಿರ್ಲಿಲ್ಲ ಬಿಡು!"

ಮಾತು ಹೇಳಿಯಾದ ಮೇಲೆ ಅತ್ತೆ ಅಲ್ಲೇ ಲೋಟ ಜೋಡಿಸುತ್ತಿರುವುದು ಅವರಿಗೆ ಕಂಡಿತು. ಎಲ್ಲರೂ ತಿರುಗಿ ಅತ್ತೆಯನ್ನು ನೋಡಿದರು. ಎಲ್ಲರಿಗೂ ಅವರ ಸ್ವಭಾವ ಗೊತ್ತಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದರು. ಅತ್ತೆಯ ತುಟಿ ಅಲುಗಿತು. ನಾನೇ ಮೊದಲು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಅತ್ತೆ ಒಂದು ಬಿಸ್ಕತ್ತು ತುರುಕಿದರು.

"ಅವಳೇ," ಎಂದರು. "ಅವಳೇ ಹಾಡಿದ್ದು. ಎಷ್ಟು ಚೆನ್ನಾಗಿ ಹಾಡಿದ್ಲು, ಅಲ್ವಾ?"

ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ಬಿಸ್ಕತ್ತಿನಿಂದಲೇ ಎಂದು ಎಲ್ಲರೂ ತಿಳಿದರು.

ಬೇಕರಿಯಮ್ಮ ಮೂಗು ಅರಳಿಸಿದರು. "ಇದೇನಿದು ಸೀದ ವಾಸನೆ?" ಒಲೆಯ ಹತ್ತಿರ ಹೋಗಿ ಕಿರುಚಿದರು. "ಅಯ್ಯಯ್ಯೋ, ಒಲೆ ತುಂಬ ಹಾಲು! ಅರ್ಧ ಪಾತ್ರೆ ಚೆಲ್ಲಿಹೋಗಿದೆ! ಯಾರಮ್ಮಾ ಇದು ಹಾಲು ಉಕ್ಕಿಸಿದ್ದು?"

"ನಾನೇ," ಎಂದರು ಅತ್ತೆ.

ಅಷ್ಟು ಸಂತೋಷದಿಂದ ಅವರು ಆ ಮಾತು ಹೇಳಿದ್ದನ್ನು ನಾನು ಇದುವರೆಗೆ ಕೇಳಿರಲಿಲ್ಲ. "ಹಾಲಿನ ಮುಂದೆ ನಿಂತ್ಕೊಂಡು ಅದೆಲ್ಲಿ ನೋಡ್ತಿದ್ರಿ?" ಎಂದು ಬೇಕರಿಯಮ್ಮ ಬೈದರು. ಅತ್ತೆ ಬೈಸಿಕೊಂಡರು. ಯಜಮಾನರು ಚಹಾ ಕುಡಿದು, "ಅಮ್ಮಾ, ಸೀದಿದೆ," ಎಂದರು. ನಾನು ಅವರ ಕಾಲು ತುಳಿದೆ. ಹೆಬ್ಬೆರಳು ಎತ್ತಿದ್ದಕ್ಕೂ ಸೇರಿಸಿ ಜೋರಾಗಿಯೇ ತುಳಿದೆ.

ಜನ ಹೋದ ಮೇಲೆ ಅತ್ತೆಯೂ ನಾನೂ ಪಾತ್ರೆ ತಿಕ್ಕಲು ಕೂತೆವು. ತಳ ಹತ್ತಿದ ಹಾಲು, ಬೇಗ ಬಿಡುವ ಪೈಕಿಯಲ್ಲ.

"ಅತ್ತೆ, ಆ ಸ್ವರ..." ಎಂದೆ.

"ಯಾವ ಸ್ವರ? ಆ ಬ್ರಷ್ ಕೊಡು ಇಲ್ಲಿ."

"ನನ್ನ ಉಸಿರು ಮುಗಿದಿದ್ದು ಬಾಗಿಲ ಆಚೆ ಹೇಗೆ ಗೊತ್ತಾಯ್ತು?"

ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ಇಷ್ಟು ವರ್ಷದಿಂದ ನಿನ್ನ ಬಾಬಿನ್ ಕಾಯ್ತಿರೋಳು ಯಾರೇ?" ಎಂದು ಕೇಳಿ, ಉತ್ತರ ತಾವೇ ಹೇಳಲು ಹೊರಟು, ತಡೆದು, ಪಾತ್ರೆಗೆ ಬಗ್ಗಿದರು.

ನನಗೆ ಹೇಳಬೇಕಾದದ್ದು ತುಂಬ ಇತ್ತು. ಹೇಳಿದರೆ ಅತ್ತುಬಿಡುತ್ತಿದ್ದೆ. ಸೋಪಿನ ನೊರೆಯೊಳಗೆ ಕೈ ಹಾಕಿ ಅವರ ಕಿರುಬೆರಳನ್ನು ನನ್ನ ಕಿರುಬೆರಳಿನಿಂದ ಒಮ್ಮೆ ಒತ್ತಿದೆ.

ಅತ್ತೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಾನು ತಿಕ್ಕುತ್ತಿದ್ದ ಪಾತ್ರೆಯ ಬದಿಯನ್ನೂ ತಮ್ಮತ್ತ ಎಳೆದುಕೊಂಡು ಹೇಳಿದರು:

"ಪಾತ್ರೆ ತಿಕ್ಕೋಕೂ ಉಸಿರು ಸಾಲ್ತಿಲ್ವೇನೇ ನಿಂಗೆ?"