ಶಿವದಾರ ಕಟ್ಟಿದ ಕಲ್ಲು

ನನ್ನ ಗಂಡ ರುದ್ರಸ್ವಾಮಿ ರೇಷ್ಮೆ ನೂಲು ತೆಗೆಯುವುದನ್ನು ನೋಡಿ ಬರಲು ಕೊಳ್ಳೇಗಾಲದವರ ಜೊತೆ ಜಪಾನಿಗೆ ಹೋಗಿ ಬಂದರು. ಯಂತ್ರಗಳ ಸುದ್ದಿ ಕೇಳಲು ನಮ್ಮೂರು ಮಧುವನಹಳ್ಳಿಯೇ ನಮ್ಮ ಜಗಲಿಯಲ್ಲಿ ಕೂತರೆ, ಇವರು ಕ್ಯೋಟೋ ಎಂಬ ಊರಲ್ಲಿ ಚಕ್ರವರ್ತಿಗಳ ಹಳೆಯ ತೋಟದರಮನೆ ನೋಡಿದ್ದನ್ನೇ ಹೇಳಿದರು. ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ನಮ್ಮವರು ಅಷ್ಟು ದೂರ ಸುತ್ತಿ ಕಂಡದ್ದು ಒಂದು ಕಲ್ಲು.

ನನಗೆ ಯಂತ್ರವೂ ಬೇಡ, ಅರಮನೆಯೂ ಬೇಡ. ನಮ್ಮ ಹಿಪ್ಪುನೇರಳೆ ತೋಟದ ಆಚೆ ನನ್ನ ಒಡಹುಟ್ಟಿದ ಅಕ್ಕ ಶಂಕರಮ್ಮ ಇದ್ದಾಳೆ. ಅಣ್ಣತಮ್ಮಂದಿರಿಗೆ ಅಕ್ಕತಂಗಿಯರನ್ನೇ ತಂದರೆ ಮನೆ ಒಡೆಯುವುದಿಲ್ಲವೆಂದು ನಮ್ಮ ಮಾವ ನಂಬಿದ್ದರು, ಪಾಪ. ಅವರು ಹೋದ ಮೇಲೆ ಬದುವಿಗೆ ಜಗಳವಾಗಿ, ಭಾವ ಶಿವಮಲ್ಲಪ್ಪ ಎರಡು ಮನೆಗಳ ನಡುವಿನ ಕಾಲುದಾರಿಗೆ ಮುಳ್ಳು ಹಾಕಿದರು. ಅದರ ಮೇಲೆ ಇವರೂ ಒಂದು ಹೊರೆ ಒಟ್ಟಿದರು. ಅಕ್ಕ ಕೆಮ್ಮುವುದು ನನಗೆ ಕೇಳುತ್ತದೆ, ಮುಖ ಕಾಣುವುದಿಲ್ಲ. ಇದಕ್ಕಿಂತ ಸಂಕಟ ಬೇರೆ ಇಲ್ಲ.

“ಅರಮನೆ ಅಂದ್ರೆ ಮೈಸೂರಿನಂಗೆ ಅನ್ಕಂಡಿದ್ದೆ,” ಎಂದರು ಇವರು. “ಚಿನ್ನ ಇಲ್ಲ, ಬಣ್ಣ ಇಲ್ಲ. ಮರದ ಕಂಬ, ಕಾಗದದ ಬಾಗ್ಲು. ಬೆಟ್ಟದ ಬುಡದಲ್ಲಿ ಕೆರೆ. ತೋಟದ ಒಳಗೇ ಬತ್ತದ ಗದ್ದೆ ಕಣಮ್ಮಿ! ರೈತರು ಕಳೆ ಕೀಳ್ತಾವ್ರೆ. ಅರಸರ ಕಣ್ಣಿಗೆ ಅದೂ ಚೆಂದವೇ ಅಂತೆ.”

ಆ ಕೆರೆಯ ಸುತ್ತ ಹಾಸುಗಲ್ಲಿನ ದಾರಿಯಂತೆ. ಒಂದು ಕವಲಿನಲ್ಲಿ ಮುಷ್ಟಿಗಾತ್ರದ ಗುಂಡುಕಲ್ಲು, ಅದಕ್ಕೆ ಅಡ್ಡ ಉದ್ದ ಬಿಗಿದ ಕಪ್ಪು ಹುರಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಶಿವದಾರ ಯಾವುದೆಂದು ಬೇರೆ ಹೇಳಬೇಕೆ? ಇವರು ಬೂಟು ಬಿಚ್ಚಿ, ಜೇಬಿನ ವಿಭೂತಿ ಹಚ್ಚಿ, ಅಡ್ಡಬಿದ್ದೇಬಿಟ್ಟರು. ತೋಟ ತೋರಿಸುತ್ತಿದ್ದ ಮುದುಕ ಗಾಬರಿಯಾದನಂತೆ. ಅದು ದೇವರಲ್ಲ, ಇದರಾಚೆ ಬರಬೇಡಿ ಎನ್ನುವ ಗುರುತು ಎಂದು ದುಭಾಷಿಯ ಕೈಲಿ ಹೇಳಿಸಿದನಂತೆ.

“ಇಷ್ಟು ಸಣ್ಣ ಕಲ್ಲ ಯಾರೂ ದಾಟಕಿಲ್ವಾ ಅಂದೆ. ಇಲ್ಲ ಅಂದ. ಅವ್ರಿಗೆ ಒಂದು ಕಲ್ಲು ಸಾಕು, ನಮ್ಗೆ ಗಾಡಿ ಮುಳ್ಳು ಬೇಕು.”

“ಅಂಗಾದ್ರೆ ಮುಳ್ಳು ತೆಗೀರಿ,” ಎಂದೆ.

“ತೆಗುದ್ರೆ ಸೋತಂಗಾಯ್ತದೆ,” ಎಂದು ಸಿಡುಕಿದರು.

ಮಾರನೆಯ ದಿನ ಮುಳ್ಳನ್ನೆಲ್ಲ ಎಳೆದುಹಾಕಿ, ಒಂದು ಗುಂಡುಕಲ್ಲಿಗೆ ಹುರಿ ಬಿಗಿದು ದಾರಿಯ ನಡುವೆ ಇಟ್ಟರು. “ಬರಬ್ಯಾಡ ಅಂತ್ಲೇ ಅರ್ಥ. ಕಾಲಿಗೆ ಚುಚ್ಚಕಿಲ್ಲ, ಅಷ್ಟೇಯ.” ಜುಟ್ಟು ಹೋದರೂ ಜಂಬ ಬಿಡದ ಜಾತಿ!

ಸೋಮವಾರ ಬೆಳಿಗ್ಗೆ ನಾವಿಬ್ಬರೂ ಹುಳುವಿಗೆ ಸೊಪ್ಪು ಬಿಡಿಸುತ್ತಿದ್ದಾಗ ಆಚೆಯಿಂದ ಭಾವ ಬಂದರು. ಕಲ್ಲು ಕಂಡು ನಿಂತರು. ಕಾಲಲ್ಲಿ ಒದ್ದಾರೆಂದು ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಅವರು ಚಪ್ಪಲಿ ಬಿಟ್ಟರು. ತಮ್ಮ ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದು ಕಲ್ಲಿಗೆ ಹಚ್ಚಿ ಕೈಮುಗಿದರು. ಆಮೇಲೆ ಈಚೆಗೆ ತಿರುಗಿ ಕೂಗಿದರು.

“ಲೇ ರುದ್ರ, ಮಾದಪ್ಪನ್ನ ದಾರೀಲಿ ಕೂರ್ಸಿ ನೀರಿಲ್ದಂಗೆ ಬುಟ್ಟಿದ್ದೀಯಲ್ಲಾ! ಒಂದು ಬಿಂದಿಗೆ ತಕಂಡ್ ಬಾ!”

ಇವರು ಬಾಯಿ ತೆರೆದರು. ಅದು ದೇವರಲ್ಲ ಎಂದು ಎಲ್ಲಿ ಅಂದುಬಿಡುತ್ತಾರೋ ಎಂದು ನಾನು ಕಣ್ಣಲ್ಲೇ ಗದರಿದೆ.

“ಈಗ್ಲೇ ತಂದೆ ಕಣಣ್ಣ,” ಎಂದು ಇವರು ಮನೆ ಕಡೆ ಓಡಿದರು.

ಭಾವನ ಹಿಂದೆ ಅಕ್ಕ ಸೆರಗಲ್ಲಿ ಕಣಗಿಲೆ ಹೂ ಹಿಡಿದು ಬರುತ್ತಿದ್ದಳು. ಬಡವಾಗಿದ್ದಳು. ನಾನು ಸೊಪ್ಪಿನ ಕುಕ್ಕೆಯನ್ನು ಅಲ್ಲೇ ಕೆಡವಿ ಓಡಿದೆ. ಕೈಮುಗಿಯುವುದನ್ನೂ ಮರೆತು ಕಲ್ಲು ದಾಟಿಬಿಟ್ಟೆ.