ಪಾರ್ಕಿಂಗ್ ಜಾಗದ ಬೆಲೆ

ಬೆಳಿಗ್ಗೆ ಎಂಟಕ್ಕೇ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ಗಡ್ಡ ಬೋಳಿಸಿಕೊಳ್ಳಲು ತಾವಾಗಿಯೇ ಬಂದು ಕುರ್ಚಿಯಲ್ಲಿ ಕೂತಾಗ ಕ್ಷೌರಿಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂವತ್ತು ವರ್ಷದಿಂದ ಅವನಿಗೆ ಈ ಕ್ಲಬ್ಬಿನ ಹುಚ್ಚು. ಅಭಿಮಾನಿ ಸಂಘದ ಮುಖ್ಯಸ್ಥ ಬೇರೆ. ತಂಡ ಸೋತ ಮರುದಿನ ಅವನ ಕತ್ತರಿಗೆ ತಲೆ ಕೊಡಲು ಗಿರಾಕಿಗಳು ಹಿಂದೆಮುಂದೆ ನೋಡುತ್ತಿದ್ದರು.

"ನಿಮ್ಮ ಮನೆಯವರಿಗೆ ಸ್ವಲ್ಪ ಹೇಳಿ ಅಣ್ಣಾ," ಎಂದರು ಅಧ್ಯಕ್ಷರು, ನೊರೆಯ ನಡುವಿನಿಂದ. "ಮೂರು ವರ್ಷದ ನಷ್ಟ ಇಷ್ಟಕ್ಕಿಂತ ಮೀರಬಾರದು ಅಂತ ಲೀಗಿನ ನಿಯಮ. ನಾವು ಆಟಗಾರರಿಗೆ ಕೈಬಿಚ್ಚಿ ಖರ್ಚು ಮಾಡಿಬಿಟ್ಟಿದೀವಿ. ಸಿಕ್ಕಿಬಿದ್ರೆ ಆರು ಅಂಕ ಕಟ್, ಆಮೇಲೆ ಕೆಳಗಿನ ಡಿವಿಷನ್ನೇ ಗತಿ. ಅದಕ್ಕೇ ಪಾರ್ಕಿಂಗ್ ಜಾಗಾನ ನಮ್ಮ ಭಾವನ ಕಂಪನಿಗೆ ಮಾರ್ತಿದೀವಿ. ನಿಮ್ಮವರು ದೊಡ್ಡ ಬೆಲೆ ಬರೆದುಕೊಟ್ರೆ ಲಾಭ ಕಾಣುತ್ತೆ, ಎಲ್ಲರೂ ಬಚಾವ್."

ಕ್ಷೌರಿಕನ ಹೆಂಡತಿ ಜಮೀನು, ಕಟ್ಟಡಗಳಿಗೆ ಬೆಲೆ ಕಟ್ಟುವ ಲೈಸೆನ್ಸ್ ಪಡೆದವಳು. ನಮ್ಮವಳೇ ತಾನೇ ಎಂದು ಅಧ್ಯಕ್ಷರು ಕೆಲಸವನ್ನು ಅವಳಿಗೇ ಕೊಟ್ಟಿದ್ದರು. ಎಡವಿದ್ದು ಅಲ್ಲೇ. ಒಡಹುಟ್ಟಿದ ತಮ್ಮ ತನ್ನ ಮನೆ ಮಾರುವಾಗ ಗೋಡೆಯ ಬಿರುಕನ್ನೂ ಬಿಡದೆ ಬರೆದ ಹೆಂಗಸು ಅವಳು! ತಮ್ಮ ಎರಡು ವರ್ಷ ಮಾತು ಬಿಟ್ಟಿದ್ದ.

ಮಧ್ಯಾಹ್ನ ಅವನು ಊಟದ ಡಬ್ಬಿ ಹಿಡಿದು ಪಾರ್ಕಿಂಗ್ ಜಾಗಕ್ಕೆ ಹೋದಾಗ ಅವಳು ಕೆಸರಲ್ಲಿ ನಿಂತು ಅಳತೆ ಬರೆದುಕೊಳ್ಳುತ್ತಿದ್ದಳು.

"ಆ ಮೂಲೇಲಿ ನೀರು ನಿಲ್ಲುತ್ತೆ, ಈ ಮೂಲೇಲಿ ಟ್ರಾನ್ಸ್‌ಫಾರ್ಮರ್, ನಡುವೆ ಚರಂಡಿ ಪೈಪು. ನಿಮ್ಮ ಅಧ್ಯಕ್ಷರು ಹೇಳೋ ಬೆಲೆ ಬರೀಬೇಕಂದ್ರೆ ಕೆಳಗೆ ಎಣ್ಣೆ ಬಾವಿ ಇರ್ಬೇಕು ಕಣ್ರೀ."

"ಒಂದು ಅಂಕಿ ತಾನೇ? ಬರೆದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಪಕ್ಕದೂರಿನ ತಂಡದ್ದು," ಎಂದಳು ಅವಳು. "ಹೋದ ವರ್ಷ ಅವರಿಗೂ ಇದೇ ಕಷ್ಟ ಬಂದಿತ್ತು. ನಿಯಮ ಮೀರಬಾರದು ಅಂತ, ಗೋಲ್ ಹೊಡೆಯೋ ಒಬ್ಬನೇ ಒಬ್ಬ ಆಟಗಾರನ್ನ ಬೇರೆ ತಂಡಕ್ಕೆ ಮಾರಿಬಿಟ್ರು. ಅದೇ ಹೊತ್ತಲ್ಲಿ ನಾವು ಮಿತಿ ಮೀರಿ ಖರ್ಚು ಮಾಡಿ ಸಾಲುಸಾಲಾಗಿ ಹೊಸಬರನ್ನ ತಂದ್ವಿ. ಕೊನೆಗೆ ಒಂದೇ ಒಂದು ಅಂಕದಲ್ಲಿ ನಾವು ಉಳ್ಕೊಂಡ್ವಿ, ಅವರು ಕೆಳಗೆ ಹೋದ್ರು. ಅವತ್ತು ನೀವು ಬೀದಿ ತುಂಬಾ ಕುಣಿದ್ರಿ. ನಾನೂ ಕುಣಿದೆ. ನನಗೇನು ಗೊತ್ತಿತ್ತು?"

"ಅವರು ಪೆದ್ದರು," ಎಂದು ಅವನು ಡಬ್ಬಿ ಇಟ್ಟು ಮುಖ ಊದಿಸಿಕೊಂಡು ಹೊರಟ.

ಅವಳು ಇದ್ದ ಬೆಲೆಯನ್ನೇ ಬರೆದಳು. ಅಧ್ಯಕ್ಷರು ಹೇಳಿದ್ದರ ಕಾಲುಭಾಗವೂ ಇರಲಿಲ್ಲ ಅದು. ನಿಯಮದಂತೆ ವರದಿಯ ಒಂದು ಪ್ರತಿ ನೇರ ಲೀಗಿಗೆ ಹೋಯಿತು, ಆರು ಅಂಕ ಹೋದವು. ಊರೆಲ್ಲ ಅವಳಿಗೆ ಹಿಡಿಶಾಪ ಹಾಕಿತು. ಕ್ಷೌರಿಕ ಅವಳಿಗೆ ಊಟದ ಡಬ್ಬಿ ಒಯ್ಯುವುದನ್ನೂ ನಿಲ್ಲಿಸಿದ.

ಋತುವಿನ ಕೊನೆಯ ಪಂದ್ಯಕ್ಕೆ ಅವಳು ಬರಲಾರಳು ಎಂದುಕೊಂಡಿದ್ದ. ಬಂದಳು. ತಂಡದ ಬಣ್ಣದ ಶಾಲು ಹೊದ್ದು ತನ್ನ ಎಂದಿನ ಜಾಗದಲ್ಲೇ ಕೂತಳು. ಅಕ್ಕಪಕ್ಕದವರು ಮುಖ ತಿರುಗಿಸಿ ದೂರ ಸರಿದರು. ಕೊನೆಯ ಸೀಟಿ ಕೇಳಿ ತಂಡ ಕೆಳಗಿನ ಡಿವಿಷನ್ನಿಗೆ ಬಿದ್ದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳನ್ನೇ ನೋಡಿದ. ಇಷ್ಟು ನೋಯುತ್ತದೆ ಎಂದು ಗೊತ್ತಿದ್ದೂ ಇವಳು ಹಾಗೆ ಬರೆದಳಲ್ಲ! ತನ್ನ ಮೂವತ್ತು ವರ್ಷದ ಅಭಿಮಾನ ಅವಳ ಮುಂದೆ ಬರೀ ಗಲಾಟೆ ಅನ್ನಿಸಿತು. ಎದ್ದು ಹೋಗಿ ಪಕ್ಕದಲ್ಲಿ ಕೂತ.

ಹೊಸ ಋತುವಿನಲ್ಲಿ ಕೆಳಗಿನ ಡಿವಿಷನ್ನಿನ ಮೊದಲ ಪಂದ್ಯಕ್ಕೆ ಮೈದಾನಕ್ಕೆ ಬಂದದ್ದು ಪಕ್ಕದೂರಿನ ತಂಡವೇ. ಅವರು ಹೊರಬರುತ್ತಿದ್ದಂತೆ ನಮ್ಮವರು ಎಂದಿನಂತೆ ಕೂಗಿ ಛೇಡಿಸತೊಡಗಿದರು. ಸಂಘದ ಮುಖ್ಯಸ್ಥನಾದ ಕ್ಷೌರಿಕ ಎದ್ದು ನಿಂತು ಚಪ್ಪಾಳೆ ತಟ್ಟಿದ. ಹೆಂಡತಿಯೂ ಎದ್ದಳು. ಇಬ್ಬರ ಚಪ್ಪಾಳೆಗೆ ಅಷ್ಟು ಗದ್ದಲದಲ್ಲಿ ಸದ್ದೆಲ್ಲಿ ಬರಬೇಕು. ಆದರೂ ಅವರ ಗೋಲ್‌ಕೀಪರ್ ತಿರುಗಿ ನೋಡಿದ.

"ಏನಣ್ಣಾ, ತಲೆ ಕೆಟ್ಟಿದೆಯಾ? ಅವರು ಎದುರು ಪಾರ್ಟಿ!" ಎಂದ ಹಿಂದಿನ ಸಾಲಿನವನೊಬ್ಬ.

ಕ್ಷೌರಿಕ ಚಪ್ಪಾಳೆ ನಿಲ್ಲಿಸಲಿಲ್ಲ. "ಹೋದ ವರ್ಷ ಈ ಡಿವಿಷನ್ನಲ್ಲಿ ಆಡಬೇಕಾಗಿದ್ದವರು ಇವರಲ್ಲ ಕಣೋ," ಎಂದ. "ನಾವು."