ಹಿಡಿಕೆ ತಿರುಗದ ಚರಖಿ

ಯುನೂಸನ ಬೆರಳು ಮುರಿದದ್ದು ಚರಖಿಯ ಹಿಡಿಕೆ ಬಡಿದು. ಆದರೆ ಹುಮನಾಬಾದಿನ ಬಜಾರಿನಲ್ಲಿ ಮಾತ್ರ ಅದು ತುಳಜಾಬಾಯಿ ಮುರಿದ ಬೆರಳೆಂದೇ ಹೆಸರಾಯಿತು.

ಯುನೂಸ್ ದರ್ಜಿ. ರಜೆಯ ದಿನ ಬಸ್ಸು ಹತ್ತಿ ಕಲ್ಯಾಣದ ತ್ರಿಪುರಾಂತ ಕೆರೆಗೆ ಗಾಳ ಹಾಕಲು ಹೋಗುತ್ತಿದ್ದ. ಹೈದರಾಬಾದಿನ ಮಾವ ಕೊಟ್ಟ, ಗಾಳದ ಕೋಲಿಗೆ ಕಟ್ಟುವ ವಿಲಾಯತಿ ಚರಖಿಯೊಂದು ಅವನ ಬಳಿ ಇತ್ತು. ದಾರ ಸುತ್ತುವ ಹಿತ್ತಾಳೆಯ ಗಾಲಿ, ಗಾಲಿಗೇ ಬೆಸೆದ ಹಿಡಿಕೆ. ಅದು ಕಿರುಗುಟ್ಟತೊಡಗಿದಾಗ ತುಳಜಾಬಾಯಿಯ ಸೈಕಲ್ ಅಂಗಡಿಗೆ ತಂದುಕೊಟ್ಟ. ಗಂಡ ತೀರಿದ ಮೇಲೆ ಆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ತುಕ್ಕು ಕೆರೆದು, ಸೈಕಲ್ಲಿನ ಬೇರಿಂಗ್ ಗುಂಡು ಕೂಡಿಸಿ, ಎಣ್ಣೆ ಬಿಟ್ಟು, ಊದಿದರೂ ತಿರುಗುವಂತೆ ಮಾಡಿಕೊಟ್ಟಳು.

ಕೆರೆಯಲ್ಲಿ ದೊಡ್ಡ ಮೀನು ಜಗ್ಗಿತು. ಯುನೂಸ್ ಗಾಳಿಪಟ ಹಾರಿಸಿ ಬೆಳೆದವನು. ಪಟ ಜಗ್ಗಿದಾಗ ಮಾಡುವಂತೆ 'ಢೀಲ್' ಎಂದು ಕೈ ಸಡಿಲ ಬಿಟ್ಟ. ಪಟದ ಚರಖಿಯಾದರೆ ಸುಮ್ಮನೆ ಉರುಳಿ ದಾರ ಬಿಡುತ್ತಿತ್ತು. ಇದರ ಹಿಡಿಕೆ ಗಾಲಿಯ ಜೊತೆಗೇ ಗಿರ್ರನೆ ಹಿಂದಕ್ಕೆ ತಿರುಗಿತು. ತಡೆಯಲು ಚಾಚಿದ ಎಡಗೈ ಬೆರಳಿಗೆ ಬಡಿಯಿತು.

ತುಳಜಾಬಾಯಿಯ ಮೈದುನ ದಿಗಂಬರನಿಗೆ ಇಷ್ಟು ಸಾಕಾಗಿತ್ತು. ಅಣ್ಣನ ಅಂಗಡಿ ತನಗೆ ಬರಬೇಕೆಂಬುದು ಅವನ ಬಹುದಿನದ ಆಸೆ. ನಾಲ್ಕು ಜನರ ಎದುರಿಗೇ ಬಂದು ನಿಂತು ಕೈ ಚಾಚಿದ.

"ಹೆಣ್ಣಮಕ್ಕಳ ಕೈಯಾಗ ಪಾನಾ ಕೊಟ್ರ ಹಿಂಗ ಆಗತದ, ವೈನಿ. ಅಂಗಡಿ ಚಾವಿ ಕೊಡ್ರಿ, ಮನ್ಯಾಗ ಆರಾಮ ಕೂಡ್ರಿ."

ತುಳಜಾಬಾಯಿ ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು ಕೈಯ ಎಣ್ಣೆ ಒರೆಸಿಕೊಂಡಳು. "ಈ ಚರಖಿ ಇನ್ನ ಯಾರ ಬೆರಳೂ ಮುರಿಯೂದಿಲ್ಲ. ಮುರದರ ಚಾವಿ ನಿಂದು" ಎಂದಳು.

ಅಂದಮೇಲೆ ಚರಖಿಯನ್ನು ಮುಂದಿಟ್ಟುಕೊಂಡು ಕೂತಳು. ಎಣ್ಣೆ ಹೆಚ್ಚಾಯಿತೇ? ಮೊದಲಿನ ಬಿಗಿಯೇ ಒಳ್ಳೆಯದಿತ್ತೇ? ಚರಖಿಯನ್ನು ಬಿಚ್ಚಿದಳು, ಕೂಡಿಸಿದಳು, ಮತ್ತೆ ಬಿಚ್ಚಿದಳು. ತಪ್ಪು ಎಣ್ಣೆಯದಲ್ಲ ಎಂಬುದು ತಡವಾಗಿ ಹೊಳೆಯಿತು. ಮೀನು ಓಡಿದರೆ ಗಾಲಿ ತಿರುಗಲಿ, ಹಿಡಿಕೆ ಯಾಕೆ ತಿರುಗಬೇಕು? ಅವೆರಡನ್ನೂ ಬೇರೆ ಮಾಡಿ, ನಡುವೆ ಹಲ್ಲಿನ ಚಕ್ರ ಕೂಡಿಸಿದಳು. ಸೈಕಲ್ಲಿನ ಫ್ರೀವೀಲಿನ ಒಳಗಿನ ಹಲ್ಲು ಮತ್ತು ಆ ಹಲ್ಲನ್ನು ತಡೆಯುವ ನಾಲಿಗೆ ತೆಗೆದು, ಹಿಡಿಕೆ ಮುಂದಕ್ಕಷ್ಟೇ ಹೋಗಿ ಹಿಂದಕ್ಕೆ ಬಾರದಂತೆ ಬಿಗಿದಳು.

ಘಾಟಬೋರಾಳದ ಕುರಿಗಾಹಿ ಮಡೆಪ್ಪ ಸಂತೆಗೆ ಟಗರು ಹೊಡೆದುಕೊಂಡು ಬಂದವನು ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಅಂಗಡಿಯ ಮುಂದೆ ಕೂತಿದ್ದ. ಅವನನ್ನು ಕೇಳಿ ಟಗರಿನ ಕೋಡಿಗೆ ದಾರ ಕಟ್ಟಿ ಓಡಿಸಿದರು. ಹಿಡಿಕೆ ಮಿಸುಕಲಿಲ್ಲ. ಚಕ್ರಕ್ಕೆ ಬಿಗಿದಿದ್ದ ಗಾಲಿಯೂ ಮಿಸುಕಲಿಲ್ಲ. ದಾರ ಟಣ್ಣನೆ ಹರಿಯಿತು. ಬಜಾರು ಬಿದ್ದು ಬಿದ್ದು ನಕ್ಕಿತು. ಮಡೆಪ್ಪ ಮಾತ್ರ ನಗಲಿಲ್ಲ.

"ಓಡೂದಕ್ಕ ತುಸು ಬಿಡಬೇಕಲ್ಲಕ್ಕಾ. ನಾ ಹಗ್ಗ ಹಿಡಿಯೂಮುಂದ ಕೈಗಿ ಕಂಬಳಿ ಸುತ್ತಕೋತೀನಿ. ಹಗ್ಗ ಜಾರತದ, ಖರೆ ಕೈ ತಪ್ಪಂಗಿಲ್ಲ."

ತುಳಜಾಬಾಯಿ ಅವನ ಹೆಗಲ ಮೇಲಿನ ಕಂಬಳಿಯನ್ನೇ ನೋಡಿದಳು. ಅವನು ಅಂಚು ಹಿಡಿದು ಕತ್ತರಿಗೆ ಒಡ್ಡಿದ. ದುಂಡಗೆ ಕತ್ತರಿಸಿದ ಕಂಬಳಿಯ ಬಿಲ್ಲೆಯನ್ನು ಚಕ್ರಕ್ಕೂ ಗಾಲಿಗೂ ನಡುವೆ ಇಟ್ಟು ಒತ್ತಿ ಬಿಗಿದಳು. ಟಗರು ಮತ್ತೆ ಓಡಿತು. ಹಿಡಿಕೆ ನಿಂತೇ ಇತ್ತು. ಗಾಲಿ ಮಾತ್ರ ಮುಲುಗುತ್ತ ಜಾರಿ ದಾರ ಬಿಟ್ಟಿತು. ಟಗರು ಬೀದಿಯ ತಿರುವಿನಲ್ಲಿ ಸೋತು ನಿಂತುಕೊಂಡಿತು.

ಮುಂದಿನ ರಜೆಯ ದಿನ ಚರಖಿಯ ಪರೀಕ್ಷೆ ನೋಡಲು ಕೆರೆಯ ದಂಡೆಗೆ ಬಜಾರಿನ ಅರ್ಧ ಜನ ಬಂದಿದ್ದರು. ಎಡಗೈಗೆ ಪಟ್ಟಿ ಕಟ್ಟಿಕೊಂಡ ಯುನೂಸ್ ಗಾಳದ ಕೋಲಿನ ಬುಡವನ್ನು ಕಂಕುಳಲ್ಲಿ ಅವುಚಿ, ಬಲಗೈಯಲ್ಲಿ ಹಿಡಿಕೆ ಹಿಡಿದು ಕಾಯ್ದ. ಮಧ್ಯಾಹ್ನ ದಾರ ಸೆಟೆಯಿತು. ರೂಢಿ ಬಿಡಲಿಲ್ಲ, ಯುನೂಸ್ ಢೀಲ್ ಎಂದವನೇ ಕೈಬಿಟ್ಟ. ಹಿಡಿಕೆ ಕದಲಲಿಲ್ಲ. ಮೀನು ಓಡಿತು, ತಿರುಗಿತು, ಮತ್ತೆ ಓಡಿತು. ಅವನು ಸುತ್ತಿಕೊಂಡ, ಬಿಟ್ಟ. ತುಳಜಾಬಾಯಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಮೀನು ದಂಡೆಯ ಹತ್ತಿರ ಬರುವಷ್ಟರಲ್ಲಿ ಗಾಲಿ ಜಾರುವುದು ನಿಂತಿತು. ದಾರದ ಜೊತೆ ಬಂದ ನೀರು ಕುಡಿದು ಕಂಬಳಿ ಉಬ್ಬಿ ಗಾಲಿಯನ್ನು ಬಿಗಿ ಹಿಡಿದಿತ್ತು. ಮೀನು ಒಮ್ಮೆ ಬಾಲ ಬಡಿಯಿತು, ದಾರ ಹರಿಯಿತು.

ದಿಗಂಬರ ಕೈ ಚಾಚಿ ಎಲ್ಲರಿಗೂ ಕೇಳುವಂತೆ ಹೇಳಿದ: "ಮೀನ ಹೋತು. ಚಾವಿ ಕೊಡ್ರಿ ವೈನಿ."

ಅವಳು ಯುನೂಸನಿಂದ ಚರಖಿ ತೆಗೆದುಕೊಂಡು, ಅವನ ಬಲಗೈ ಹಿಡಿದು ಮೇಲಕ್ಕೆತ್ತಿ, ಬೆರಳು ಬಿಡಿಸಿ ತೋರಿಸಿದಳು.

"ನಾ ಮಾತ ಕೊಟ್ಟಿದ್ದು ಬೆರಳಿಗಿ. ಮೀನಿಗಿ ಅಲ್ಲ. ಎಣಿಸಿಕೋ, ಬೆರಳ ಅವ ಇಲ್ಲೋ?"

ಯುನೂಸ್ ನಕ್ಕುಬಿಟ್ಟ. "ಐದೂ ಅವರಿ ಭಾಭಿ. ಚರಖಿ ಕೊಡ್ರಿ, ಬ್ಯಾರೆ ದಾರ ಕಟ್ತೀನಿ."

ಅವಳು ಕೊಡಲಿಲ್ಲ. ಕಂಬಳಿ ನೀರು ಕುಡಿದದ್ದು ತನ್ನದೇ ತಪ್ಪೆಂದು ಜನರೆದುರಿಗೇ ಒಪ್ಪಿಕೊಂಡಳು. ಮುಂದಿನದಕ್ಕೆ ಎಣ್ಣೆಯಲ್ಲಿ ನೆನೆಸಿದ ತೊಗಲು ಹಾಕುವೆ, ಬಿಗಿ ಎಷ್ಟು ಬೇಕೆಂದು ಮೀನು ಹಿಡಿಯುವವನೇ ತಿರುಗಿಸಿಕೊಳ್ಳುವ ಸ್ಕ್ರೂ ಇಡುವೆ ಎಂದಳು. ದಿಗಂಬರ ಚಾಚಿದ ಕೈಯನ್ನು ಇನ್ನೂ ಹಿಂದಕ್ಕೆ ತೆಗೆದಿರಲಿಲ್ಲ. ಅವಳು ಚರಖಿ ಬಿಚ್ಚಿ, ಒದ್ದೆ ಕಂಬಳಿಯ ಬಿಲ್ಲೆಯನ್ನು ಆ ಅಂಗೈಯ ಮೇಲಿಟ್ಟು, ನೀರು ಹಿಂಡಿ ಕೊಡು ಎಂದಳು.